ನರಹುಲಿ ಕಳೆದುಕೊಂಡ ಚಕ್ರವರ್ತಿ

ಒಂದಾನೊಂದು ಊರಿನಲ್ಲಿ, ಊರು ಅಂದರೆ ಸಮುದ್ರದಾಚೆಯ ರೋಮು, ಬುಬುಲ್ಕಸ್ ಅಂತ ಒಬ್ಬ ಚಕ್ರವರ್ತಿ ಇದ್ದ. ಏಯ್, ನಗಬೇಡಿ. ಅವರಪ್ಪ ಇಟ್ಟ ಹೆಸರು, ನಾನೇನು ಮಾಡಲಿ?

ಆ ಊರಲ್ಲಿ ಒಂದು ಕಾನೂನು. ಚಕ್ರವರ್ತಿಯ ಮುಖವನ್ನು ಯಾರೂ ನೋಡಕೂಡದು. ನೋಡಿದರೆ ತಲೆ ಹೋಯ್ತು. ಅದಕ್ಕೇ ಜನ ಅವನ ಪಾದ ನೋಡಿಕೊಂಡು ಮಾತಾಡುತ್ತಿದ್ದರು. ಕೇಳಿ ಕೇಳಿ ಅವನ ಬಲಗಾಲಿನ ಹೆಬ್ಬೆರಳು ತಾನೇ ಮಾತು ಕಲಿತುಬಿಟ್ಟಿತ್ತು. ಕಾನೂನು ಅಂದಮೇಲೆ ಎಲ್ಲರಿಗೂ ಒಂದೇ ತಾನೆ? ಚಕ್ರವರ್ತಿಯೂ ತನ್ನ ಮುಖ ನೋಡಿಕೊಳ್ಳುವಂತಿರಲಿಲ್ಲ. ಅರಮನೆಯ ಕನ್ನಡಿಗಳನ್ನೆಲ್ಲ ಹೊಳೆಗೆ ಹಾಕಿದ್ದರು.

ಐವತ್ತು ತುಂಬಿದ ದಿನ ಅವನಿಗೆ ಸಂಕಟ ಶುರುವಾಯಿತು.

"ನಾನು ಸತ್ತಮೇಲೆ ನನ್ನ ಮುಖ ಯಾರಿಗೆ ನೆನಪಿರುತ್ತೆ?"

"ಯಾರಿಗೂ ಇಲ್ಲ," ಅಂತು ಹೆಬ್ಬೆರಳು.

ಅವನಿಗೆ ಅಳುವೇ ಬಂತು. ಶಿಲ್ಪಿ ವಿಬಿಯಸ್‌ನನ್ನು ಕರೆಸಿದ. "ಊರಿಗೊಂದರಂತೆ ನನ್ನ ಸಾವಿರ ವಿಗ್ರಹ ಕೆತ್ತು. ಮುಖ ನನ್ನದೇ ಇರಬೇಕು," ಅಂದ. ಕಲ್ಲಿನ ಮುಖ ನೋಡಬಾರದು ಅಂತ ಕಾನೂನಿನಲ್ಲಿ ಇರಲಿಲ್ಲ.

ವಿಬಿಯಸ್ ಪಾದ ನೋಡುತ್ತಲೇ ಹೂಂಗುಟ್ಟಿ ಮನೆಗೆ ಬಂದ. ಮುಖ ನೋಡಿದರೆ ತಲೆ ಹೋಗುತ್ತೆ, ನೋಡದೆ ಕೆತ್ತೋದು ಹೇಗೆ? ಪಕ್ಕದ ಕಟ್ಟೆಯಲ್ಲಿ ಮೀನು ಮಾರುವ ಸೀಲೋ ವ್ಯಾಪಾರವಿಲ್ಲದೆ, ಅಲ್ಲಾಡದೆ ಕೂತಿದ್ದ. ಯಾವ ಮುಖವಾದರೇನು ಅಂದುಕೊಂಡು ವಿಬಿಯಸ್ ಅವನನ್ನೇ ಕೆತ್ತಿದ. ಮೂಗಿನ ಮೇಲಿನ ನರಹುಲಿಯನ್ನೂ ಬಿಡಲಿಲ್ಲ. ಒಳ್ಳೆ ಕೆಲಸಗಾರ, ಪಾಪ.

ಚಕ್ರವರ್ತಿ ವಿಗ್ರಹ ನೋಡಿದ. "ಅಯ್ಯೋ, ನಾನು ಇಷ್ಟು ಚೆನ್ನಾಗಿದೀನಾ!" ಅಂತ ಅದರ ಮೂಗು ಸವರಿದ. ಆಮೇಲೆ ತನ್ನ ಮೂಗು ಸವರಿದ. ನುಣ್ಣಗಿತ್ತು.

"ನನ್ನ ನರಹುಲಿ ಎಲ್ಲಿ?"

"ಕಳುವಾಗಿದೆ," ಅಂತು ಹೆಬ್ಬೆರಳು.

ಸೈನಿಕರು ಮೂಗುಮೂಗು ಹುಡುಕಿದರು. ಹದಿನೆಂಟನೇ ದಿನ ಮಾಲು ಸೀಲೋನ ಮೂಗಿನ ಮೇಲೆ ಸಿಕ್ಕಿತು. ಸಭೆಗೆ ಎಳೆದುಕೊಂಡು ಬಂದರು.

"ಪ್ರಭು, ಇದು ಹುಟ್ಟಿದಾಗಿನಿಂದ ನನ್ನ ಹತ್ತಿರಾನೇ ಇದೆ!" ಅಂತ ಸೀಲೋ ಗೋಳಾಡಿದ.

"ಹಾಗಾದರೆ ಹುಟ್ಟುಗಳ್ಳ. ತಲೆ ತೆಗೀರಿ," ಅಂದ ಮಂತ್ರಿ.

ಅಷ್ಟರಲ್ಲಿ ಸೀಲೋನ ಹೆಂಡತಿ ಪ್ರಿಸ್ಕಾ ಮೀನಿನ ಬುಟ್ಟಿ ಸಮೇತ ನುಗ್ಗಿದಳು.

"ಮಂತ್ರಿಗಳೇ, ನರಹುಲಿ ಯಾರದು?"

"ಚಕ್ರವರ್ತಿಗಳದು."

"ಅದು ಬೆಳೆದಿರೋ ಮೂಗು?"

"ಅದೂ ಅವರದೇ ಆಗಬೇಕು."

"ಮೂಗಿರೋ ಮುಖ?"

"ಅವರದೇ."

"ಹಾಗಾದರೆ ಚಕ್ರವರ್ತಿಗಳ ಮುಖವನ್ನ ಎಲ್ಲರೂ ಹೀಗೆ ಪಿಳಿಪಿಳಿ ನೋಡ್ತಾ ನಿಂತಿದೀರಲ್ಲ, ತಲೆ ಬೇಡವಾ?"

ದಬದಬ ಅಂತ ಸಭೆಯೆಲ್ಲ ಸೀಲೋನ ಪಾದಕ್ಕೆ ಬಿತ್ತು.

"ಮತ್ತೆ ನಾನ್ಯಾರು?" ಅಂದ ಬುಬುಲ್ಕಸ್.

ಮಂತ್ರಿ ತಲೆಯೆತ್ತಿ ಮೊದಲ ಸಲ ಅವನನ್ನು ನೋಡಿದ. "ಗೊತ್ತಿಲ್ಲಪ್ಪ. ಈ ಮುಖ ನಾವು ಕಂಡೇ ಇಲ್ಲ."

"ನನ್ನ ಕಟ್ಟೆ ಖಾಲಿಯಾಯ್ತು. ನಿನಗೆ ಮೀನು ಕೊಯ್ಯೋಕೆ ಬರುತ್ತೇನಯ್ಯಾ?" ಅಂದಳು ಪ್ರಿಸ್ಕಾ.

"ಬರಲ್ಲ."

"ಕಲಿ. ಬಾ."

ಹೀಗೆ ಸೀಲೋ ಸಿಂಹಾಸನದ ಮೇಲೆ ಕೂತ. ಬುಬುಲ್ಕಸ್ ಮೀನಿನ ಕಟ್ಟೆಯ ಮೇಲೆ ಪ್ರಿಸ್ಕಾಳ ಪಕ್ಕ ಕೂತ. ಹೆಂಗಸರು ಬಂದು ಅವನ ಮುಖವನ್ನೇ ದಿಟ್ಟಿಸಿ ಬೈಯುತ್ತಿದ್ದರು. "ಏನಯ್ಯಾ, ಇವತ್ತಿನ ಬಂಗುಡೆ ಅಂತೀಯ, ನಾಚಿಕೆ ಆಗಲ್ವಾ?" ಮೊದಲ ದಿನ ಅವನು ಖುಷಿಗೆ ಅತ್ತೇಬಿಟ್ಟ. ಐವತ್ತು ವರ್ಷದಲ್ಲಿ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ.

ಒಂಬತ್ತು ವರ್ಷಕ್ಕೆ ಸೀಲೋ ಸತ್ತ. ಹೊಸ ಚಕ್ರವರ್ತಿ ಬಂದವನೇ ಸಾವಿರ ವಿಗ್ರಹಗಳ ತಲೆ ಹಾರಿಸಿ ತನ್ನ ತಲೆ ಕೂರಿಸಿದ. ಅಲ್ಲಿ ಅದೇ ಪದ್ಧತಿ.

ಮರುವರ್ಷ ಬುಬುಲ್ಕಸ್ ಕೂಡ ತೀರಿಕೊಂಡ. ಮಾರನೇ ಬೆಳಿಗ್ಗೆ ಹೆಂಗಸರು ಬುಟ್ಟಿ ಹಿಡಿದು ಬಂದು, ಖಾಲಿ ಕಟ್ಟೆಯ ಮುಂದೆ ನಿಂತರು.

"ನಗುವಾಗ ಎಡಗಣ್ಣು ಮುಚ್ಚಿಹೋಗೋದು, ಅಲ್ವೇನೇ?" ಅಂದಳು ಒಬ್ಬಳು.

"ಎಡಗಣ್ಣಲ್ಲ ಕಣೇ, ಬಲಗಣ್ಣು!"

ಮಧ್ಯಾಹ್ನದವರೆಗೂ ಇದೇ ಜಗಳ. ಕೊನೆಗೆ ಪ್ರಿಸ್ಕಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದಳು, "ಬಲಗಣ್ಣೇ. ನಾನು ದಿನಾ ನೋಡ್ತಿದ್ದೆ."

ಕತೆ ತೀರಿತು, ಹೇಳಿದವಳ ಬಾಯಿ ಒಣಗಿತು. ನೀತಿ ಬೇಕಾದವರು ಪಕ್ಕದ ಮನೆಗೆ ಹೋಗಿ, ಮಿಕ್ಕವರಲ್ಲಿ ಒಬ್ಬರು ಎದ್ದು ನೀರು ತನ್ನಿ.