ಗಿಳಿ ಸಾಕಿದ ದಣಿ

ಹತ್ತಿರ ಬನ್ನಿ ಮಕ್ಕಳೇ, ಇದು ಜೋರಾಗಿ ಹೇಳುವ ಕಥೆಯಲ್ಲ. ಕೋಡಿಪುರ ಅಂತ ಒಂದು ರಾಜ್ಯ. ಅಲ್ಲಿ ಕೆಂಚಪ್ಪ ದಣಿ ಅಂತ ಒಬ್ಬನಿದ್ದ. ಅವನು ಮನೆಮನೆಗೂ ಮಾತಾಡುವ ಗಿಳಿಯೊಂದನ್ನು ಪುಕ್ಕಟೆ ಕೊಟ್ಟ. ಗಿಳಿ ಬೆಳಗ್ಗೆ ಎಬ್ಬಿಸುತ್ತಿತ್ತು, ಸಂತೆಯ ಸುದ್ದಿ ಹೇಳುತ್ತಿತ್ತು, ಅಳುವ ಕೂಸನ್ನು ನಗಿಸುತ್ತಿತ್ತು. ಸಂಜೆ ಮೇವಿಗೆ ಮಾತ್ರ ದಣಿಯ ಮನೆಗೆ ಹಾರಿಹೋಗಿ ಬರುತ್ತಿತ್ತು. ಅಲ್ಲಿ ಅದು ಏನು ಒದರುತ್ತೆ ಅಂತ ಯಾರೂ ಕೇಳಲಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಯಾರು ಕೆದಕುತ್ತಾರೆ?

ಚಾಪೆ ಹೆಣೆಯುವ ತಿಪ್ಪವ್ವನಿಗೆ ಒಬ್ಬಳೇ ಮಗಳು, ಚೆನ್ನಾಜಿ. ಹುಡುಗಿಗೆ ಆಗಾಗ ಮೂರ್ಛೆ ಬರುತ್ತಿತ್ತು. ಅದು ತಾಯಿಗೆ ಗೊತ್ತು, ಮಗಳಿಗೆ ಗೊತ್ತು, ಗಿಳಿಗೆ ಗೊತ್ತು. ಒಂದು ದಿನ ತಾಯತ ಮಾರುವವನು ಬಾಗಿಲಿಗೇ ಬಂದು, "ಚೆನ್ನಾಜೀ, ನಿನ್ನ ಮೂರ್ಛೆಗೆ ತಾಯತ ತಂದಿದೀನಿ" ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದ. ಗುಟ್ಟನ್ನು ಅವನಿಗೆ ಮಾರಿದವನು ದಣಿ. ಅಂದಿನಿಂದ ಗೆಳತಿಯರು ದೂರವಾದರು. ಹುಡುಗಿ ಹೊಸ್ತಿಲು ದಾಟುವುದನ್ನೇ ಬಿಟ್ಟಳು.

ತಿಪ್ಪವ್ವ ರಾಜನಿಗೆ ದೂರು ಕೊಟ್ಟಳು. ಅಲ್ಲಿನ ಪದ್ಧತಿ ಹೀಗೆ: ದೂರು ಕೊಟ್ಟವರು ತಂದ ಮಜ್ಜಿಗೆಯನ್ನು ಎರಡೂ ಕಡೆಯವರು ಕುಡಿಯಬೇಕು, ಆಮೇಲೆ ನ್ಯಾಯ. ದಣಿ ಗಟಗಟ ಕುಡಿದು, "ಗಿಳಿ ಒದರಿದ್ದು ನಂಗೇನು ಗೊತ್ತು ಸ್ವಾಮಿ?" ಅಂದ. ರಾಜ ಗಿಳಿಯ ಕತ್ತು ಮುರಿಸಿದ.

ಆದರೆ ಗಿಳಿಗಳು ಬಂದಮೇಲೆ ಊರಲ್ಲಿ ಡಂಗುರ ಸಾರುವುದೇ ನಿಂತಿತ್ತು. ಗಿಳಿಯಿಲ್ಲದೆ ಸಂತೆ ಯಾವಾಗ ಅಂತ ತಿಳಿಯುವುದು ಹೇಗೆ, ಚಾಪೆ ಮಾರುವುದು ಹೇಗೆ? ತಿಪ್ಪವ್ವ ದಣಿಯ ಹತ್ತಿರವೇ ಇನ್ನೊಂದು ಗಿಳಿ ತಂದಳು. ಚೆನ್ನಾಜಿ ಒಂದು ಸಂಜೆ, "ಅವ್ವಾ, ನಂಗೆ ಬದುಕೋದೇ ಬೇಡ" ಅಂದಳು. ಮಾರನೇ ದಿನ ತಾಯತದವನು ಬಂದು, "ಬದುಕೋ ಆಸೆ ಬರಿಸೋ ತಾಯತ ಇದೆ, ಚೆನ್ನಾಜೀ" ಅಂದ. ತಿಪ್ಪವ್ವ ಮತ್ತೆ ದೂರು ಕೊಟ್ಟಳು. ದಣಿ ಮತ್ತೆ ಮಜ್ಜಿಗೆ ಕುಡಿದು, "ಎಲ್ಲಾ ನನ್ನ ಆಳಿನ ಕೆಲಸ ಸ್ವಾಮಿ" ಅಂದ. ರಾಜ ಆಳಿಗೆ ಛಡಿಯೇಟು ಹೊಡೆಸಿದ. ಕೋಣಕ್ಕೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ದಣಿಗೆ ಮಾತ್ರ ಏನೂ ಆಗಲಿಲ್ಲ. ಮೂರನೇ ಸಲ ದೂರು ಕೊಡುವ ಹಿಂದಿನ ದಿನ ತಿಪ್ಪವ್ವ ಗಿಳಿಯ ಹತ್ತಿರ ಕೂತು ಪಿಸುಗುಟ್ಟಿದಳು: "ನಾಳೆ ಮಜ್ಜಿಗೆಗೆ ಉಮ್ಮತ್ತಿ ಬೀಜ ಅರೆದು ಹಾಕ್ತೀನಿ. ಆ ದಣೀನೂ ಸಾಯ್ಲಿ, ನಾನೂ ಸಾಯ್ತೀನಿ."

ಮಾರನೇ ದಿನ ದಣಿ ಮಜ್ಜಿಗೆ ಮುಟ್ಟಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದ.

"ಕುಡಿಯದಿದ್ರೆ ಸೋತ ಹಾಗೆ. ಕುಡಿ" ಅಂದ ರಾಜ.

"ಇದರಲ್ಲಿ ಉಮ್ಮತ್ತಿ ಇದೆ ಸ್ವಾಮಿ" ಅಂತ ದಣಿ ಬೆವರಿದ.

ತಿಪ್ಪವ್ವ ತನ್ನ ಪಾಲನ್ನೂ ಅವನ ಪಾಲನ್ನೂ ಕುಡಿದು ಬಾಯಿ ಒರೆಸಿಕೊಂಡಳು. "ಬರೀ ಮಜ್ಜಿಗೆ ಸ್ವಾಮಿ. ಉಮ್ಮತ್ತಿ ಹಾಕ್ತೀನಿ ಅಂತ ನಾನು ಹೇಳಿದ್ದು ಗಿಳಿಗೆ ಮಾತ್ರ. ಏನೂ ಗೊತ್ತಿಲ್ಲ ಅನ್ನೋ ಈ ದಣಿಗೆ ಅದು ಹೇಗೆ ಗೊತ್ತಾಯ್ತು, ಕೇಳಿ."

ರಾಜ ಈ ಸಲ ಗಿಳಿಯನ್ನೂ ಆಳನ್ನೂ ಬಿಟ್ಟು, ದಣಿಯನ್ನೇ ಸೆರೆಗೆ ಹಾಕಿಸಿದ.

ತಿಪ್ಪವ್ವ ಮನೆಗೆ ಬಂದು ಮಗಳಿಗೆ ಸುದ್ದಿ ಹೇಳಿದಳು. ಚೆನ್ನಾಜಿ ತಲೆಯೆತ್ತಿ ಗಿಳಿ ಕೂರುತ್ತಿದ್ದ ಜಂತಿ ನೋಡಿದಳು. ಅಲ್ಲಿ ಗಿಳಿ ಇರಲಿಲ್ಲ. ಆದರೂ ಅವಳು ಬಾಯಿ ತೆರೆಯಲಿಲ್ಲ. ಆಮೇಲೂ ಎಂದೂ ತೆರೆಯಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದಕ್ಕೇ ಹೇಳುತ್ತೇನೆ ಮಕ್ಕಳೇ: ಗಿಳಿ ಕದ್ದ ಗುಟ್ಟಿಗೆ ಗಿಳಿ ಸಾಕಿದ ದಣಿಯೇ ಹೊಣೆ. ಅವನಿಗೆ ಶಿಕ್ಷೆಯಾಗಬೇಕು, ಅದೂ ಮೊದಲನೇ ದೂರಿಗೇ ಆಗಬೇಕು.