ಗೂಡು ಸೇರಿದ ಗುಳಿಗೆ

ಕ್ಷಯದ ಕೆಮ್ಮು ನಿಂತಿದ್ದೇ ತಡ, ನೀಲಗಂಗವ್ವ ಉಳಿದ ಗುಳಿಗೆಗಳನ್ನು ನುಂಗದೆ ಗೋಡೆಯ ಗೂಡಿಗೆ ಸೇರಿಸಿದಳು.

"ನಿನ್ನ ಅರ್ಧಂಬರ್ಧ ಏಟು ತಿಂದೇ ನಾನು ಗಟ್ಟಿಯಾದೆ. ಇನ್ನು ನಿನಗೆ ಬಗ್ಗುವುದಿಲ್ಲ" ಎಂದು ಅವಳೆದೆಯಲ್ಲಿ ಅವಿತಿದ್ದ ರೋಗಾಣು ಗುಳಿಗೆಯನ್ನು ಅಣಕಿಸಿತು.

ಅಷ್ಟರಲ್ಲಿ ನೆರೆಮನೆಯ ಮಾಬುಬಿ ಕೆಮ್ಮುತ್ತ ಬಂದಳು. "ಅಕ್ಕಾ, ನಿನಗ ಗುಣ ಮಾಡಿದ ಗುಳಿಗಿ ನನಗೂ ನಾಕು ಕೊಡು."

ನೀಲಗಂಗವ್ವ ಗೂಡಿಗೆ ಕೈ ಹಾಕಿದಳು. ಗುಳಿಗೆ ಗೂಡಿನ ಮೂಲೆಗೆ ಸರಿಯಿತು.

"ಅರ್ಧ ಅವಳಿಗೆ, ಅರ್ಧ ಇವಳಿಗೆ, ಇಡೀ ಓಣಿ ನನಗೆ!" ಎಂದು ರೋಗಾಣು ಹಿಗ್ಗಿ ಕುಣಿಯಿತು. ಆ ಕುಣಿತಕ್ಕೆ ನೀಲಗಂಗವ್ವನಿಗೂ ಕೆಮ್ಮು ಒತ್ತರಿಸಿ ಬಂತು.

"ಅಯ್ಯ ಶಿವನ, ನನ್ನ ರೋಗ ಇನ್ನೂ ಹೋಗಿಲ್ಲ! ಗುಳಿಗಿ ನಡುವ ಬಿಟ್ಟಿದ್ದ ತಪ್ಪಾತು. ನಡಿ ತಂಗಿ, ಇಬ್ಬರೂ ದವಾಖಾನಿಗೆ ಹೋಗೂಣು."

ಗುಳಿಗೆ ರೋಗಾಣುವಿನತ್ತ ನೋಡಿ ನಕ್ಕಿತು. "ನೀನು ನನ್ನನ್ನು ಗೆದ್ದೆ, ಒಪ್ಪಿದೆ. ಇನ್ನು ದವಾಖಾನೆಯಿಂದ ಗಟ್ಟಿಗಿತ್ತಿಯರಾದ ನನ್ನ ಅಕ್ಕಂದಿರು ಬರುತ್ತಾರೆ. ಈ ಸಲ ನೀಲಗಂಗವ್ವ ಒಬ್ಬರನ್ನೂ ಗೂಡಿನಲ್ಲಿ ಕೂರಿಸುವುದಿಲ್ಲ."