ಹೊರ ರೆಕ್ಕೆಯ ಸೀಸ

"ಬುದ್ಧಿ, ಮಕ್ಕಳು ಎದುರು ಮಾತಾಡುವುದನ್ನು ಬಿಟ್ಟರೆ ಅಪ್ಪ ಗೆದ್ದ ಹಾಗೆ ತಾನೆ?"

ಕೇಳಿದವನು ಮರುಳಸಿದ್ಧಪ್ಪ. ಪೇಟೆಯಲ್ಲಿ ಅವನದು ಪಾತ್ರೆ ಅಂಗಡಿ. ಸೋಮವಾರ ಅಂಗಡಿಗೆ ರಜೆ. ಅವತ್ತು ತೋಪಿನ ಮಠಕ್ಕೆ ಬಂದು ಸ್ವಾಮಿಗಳ ಎದುರು ಸ್ವಲ್ಪ ಹೊತ್ತು ಕೂತು ಹೋಗುವುದು ಅವನ ರೂಢಿ. ಆ ದಿನ ಒಂದು ಚಿಪ್ಪು ಬಾಳೆಹಣ್ಣನ್ನೂ ತಂದಿದ್ದ.

"ಯಾರು ಬಿಟ್ಟರು?" ಎಂದರು ಸ್ವಾಮಿಗಳು.

"ನಮ್ಮ ದಾಕ್ಷಾಯಿಣಿ, ಬುದ್ಧಿ."

"ಅವಳೇ? ಹೋದ ಸಲ ಬಂದಾಗ ನನ್ನ ಪ್ರವಚನದಲ್ಲೇ ತಪ್ಪು ಹಿಡಿದು ಹೋಗಿದ್ದಳು. ಹಿಡಿದದ್ದು ಸರಿಯಾಗಿಯೇ ಇತ್ತು ಅನ್ನು."

"ಅದೇ ಬುದ್ಧಿ, ಅಂಥವಳು. ದನಕರುಗಳ ಡಾಕ್ಟರಿಕೆ ಓದುತ್ತೇನೆ, ಬೀದರಿಗೆ ಕಳಿಸು ಅಂತ ಮಳೆಗಾಲ ಪೂರ್ತಿ ಜಗಳ ತೆಗೆದಳು. ಹೆಣ್ಣುಮಗಳು, ಅಷ್ಟು ದೂರ ಹೋದರೆ ಕೈತಪ್ಪಿ ಹೋಗುತ್ತಾಳೆ ಅಂತ ನನಗೆ ಭಯ. ಕಡೆಗೆ ಒಂದು ದಿನ ಖಡಾಖಂಡಿತ ಹೇಳಿಬಿಟ್ಟೆ. ಓದು ಸಾಕು, ಮಾಘದಲ್ಲಿ ಮದುವೆ, ಇನ್ನು ಮಾತಿಲ್ಲ ಅಂತ. 'ಆಗಲಿ ಅಪ್ಪ' ಅಂದಳು. ಅವತ್ತಿನಿಂದ ಎಲ್ಲದಕ್ಕೂ 'ಆಗಲಿ ಅಪ್ಪ'. ಹುಡುಗನ ಫೋಟೊ ತೋರಿಸಿದೆ, ಆಗಲಿ ಅಪ್ಪ. ಅಂಗಡಿಯಲ್ಲಿ ಕೂತುಕೋ ಅಂದೆ, ಆಗಲಿ ಅಪ್ಪ. ನನಗೆ ಸಕ್ಕರೆ ಕಾಯಿಲೆ ಇರುವುದು ತಮಗೆ ಗೊತ್ತಲ್ಲ. ಮೊದಲಾದರೆ ನೆಂಟರಿಷ್ಟರು ನೋಡುತ್ತಿದ್ದರೂ ಬಿಡದೆ ನನ್ನ ಎಲೆಯಿಂದ ಸಿಹಿ ಕಿತ್ತುಕೊಂಡು ಹೋಗುತ್ತಿದ್ದಳು, ಮಾನ ಕಳೆಯುತ್ತಿದ್ದಳು. ನಿನ್ನೆ ಬೀಗರ ಕಡೆಯವರು ಊಟಕ್ಕೆ ಬಂದಿದ್ದರು. ಎರಡನೇ ಹೋಳಿಗೆ ಕೇಳಿದೆ. ಅವಳೇ ತಂದು ಬಡಿಸಿದಳು. ಮೇಲೆ ತುಪ್ಪವನ್ನೂ ಹಾಕಿದಳು. ಒಂದು ಮಾತಿಲ್ಲ."

"ಗೆದ್ದವನು ಹಾಯಾಗಿ ಮನೆಯಲ್ಲಿರಬೇಕಪ್ಪ. ಇಲ್ಲಿಗೆ ಏಕೆ ಬಂದೆ?"

ಮರುಳಸಿದ್ಧಪ್ಪ ಶಲ್ಯದ ಅಂಚು ಸರಿ ಮಾಡಿಕೊಂಡ. "ತಮ್ಮ ಬಾಯಿಂದ ಹೌದು ಅನ್ನಿಸಿಕೊಂಡು ಹೋಗೋಣ ಅಂತ. ಅದೇಕೋ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ."

ಸ್ವಾಮಿಗಳು ಹಣ್ಣಿನ ಚಿಪ್ಪನ್ನು ಪಕ್ಕದ ತಟ್ಟೆಯಲ್ಲಿಟ್ಟರು. ಆಮೇಲೆ ಹೇಳತೊಡಗಿದರು.

"ಹೌದು ಅನ್ನುವುದಕ್ಕೆ ನನ್ನ ಗಂಟೇನೂ ಹೋಗುವುದಿಲ್ಲ. ಅದಕ್ಕೆ ಮೊದಲು ಒಂದು ಕತೆ ಕೇಳು. ವಿಮಾನದ ಕತೆ.

"ನಾನು ಕಾವಿ ಉಡುವ ಮೊದಲು ಕಾಲೇಜಿನಲ್ಲಿ ಎನ್‌ಸಿಸಿಯ ವಾಯುದಳದಲ್ಲಿದ್ದೆ. ನಗಬೇಡ. ಅಲ್ಲಿ ನಮಗೆ ಪುಟ್ಟ ವಿಮಾನ ಕಟ್ಟಿ ಹಾರಿಸುವುದನ್ನು ಕಲಿಸುತ್ತಿದ್ದರು. ಈಗಿನ ಹಾಗೆ ರಿಮೋಟ್ ಒತ್ತುವುದಲ್ಲ. ತಂತಿಯ ವಿಮಾನ. ಹಾರಿಸುವವನು ಮೈದಾನದ ನಡುವೆ ನಿಲ್ಲುತ್ತಾನೆ. ಕೈಯಲ್ಲಿ ಒಂದು ಹಿಡಿಕೆ. ಹಿಡಿಕೆಯ ಮೇಲ್ತುದಿಗೊಂದು, ಕೆಳತುದಿಗೊಂದು ತೆಳ್ಳನೆಯ ಉಕ್ಕಿನ ತಂತಿ. ಎರಡೂ ಹೋಗಿ ವಿಮಾನದ ಒಳ ರೆಕ್ಕೆಗೆ, ಅಂದರೆ ಹಾರಿಸುವವನ ಕಡೆ ಇರುವ ರೆಕ್ಕೆಗೆ ಸೇರುತ್ತವೆ. ವಿಮಾನ ಗಾಣದ ಎತ್ತಿನ ಹಾಗೆ ಅವನ ಸುತ್ತ ಸುತ್ತುತ್ತದೆ, ಅವನೂ ಅದರ ಜೊತೆ ನಿಂತಲ್ಲೇ ಸುತ್ತುತ್ತಾನೆ. ಹಿಡಿಕೆಯನ್ನು ಹಿಂದಕ್ಕೆ ಬಾಗಿಸಿದರೆ ಮೇಲಿನ ತಂತಿ ಎಳೆದು ವಿಮಾನದ ಮೂತಿ ಮೇಲೇಳುತ್ತದೆ. ಮುಂದಕ್ಕೆ ಬಾಗಿಸಿದರೆ ಇಳಿಯುತ್ತದೆ. ಇಷ್ಟೇ ಅದರ ಭಾಷೆ.

"ಹಾರುವ ವಿಮಾನ ಸದಾ ಹೊರಕ್ಕೆ ಎಳೆಯುತ್ತಿರುತ್ತದೆ. ಅದಕ್ಕೆ ಆ ವೃತ್ತ ಬೇಡ, ನೆಟ್ಟಗೆ ಹೋಗಬೇಕು. ಕಟ್ಟುವವರು ಅದನ್ನು ತಡೆಯುತ್ತಾರೆ ಅಂತ ನೀನು ಅಂದುಕೊಂಡರೆ ತಪ್ಪು. ಇನ್ನೂ ಚೆನ್ನಾಗಿ ಎಳೆಯಲಿ ಅಂತ ಹೊರ ರೆಕ್ಕೆಯ ತುದಿಯಲ್ಲಿ ಒಂದು ಚೂರು ಸೀಸ ಇಡುತ್ತಾರೆ. ಎಂಜಿನ್ನಿನ ಮೂತಿಯನ್ನು ಒಂದಿಷ್ಟು ಹೊರಕ್ಕೆ ತಿರುಗಿಸಿ ಕೂರಿಸುತ್ತಾರೆ. ಬಾಲದ ಚುಕ್ಕಾಣಿಯನ್ನೂ ಹೊರಕ್ಕೆ ಬಾಗಿಸಿ ಅಂಟು ಹಾಕುತ್ತಾರೆ."

"ಅದೆಂಥ ಹುಚ್ಚು, ಬುದ್ಧಿ?" ಎಂದ ಮರುಳಸಿದ್ಧಪ್ಪ. "ಮೊದಲೇ ಓಡಿಹೋಗುವ ವಸ್ತು. ಅದಕ್ಕೆ ಇನ್ನೂ ಓಡು ಅಂತ ಯಾರಾದರೂ ಹೇಳಿಕೊಡುತ್ತಾರೆಯೇ?"

"ಹೇಳಿಕೊಡುತ್ತಾರೆ. ನಡುವೆ ಬಾಯಿ ಹಾಕಬೇಡ.

"ನಾವು ಅಭ್ಯಾಸ ಮಾಡುತ್ತಿದ್ದ ಮೈದಾನಕ್ಕೆ ಭಾನುವಾರ ಒಬ್ಬ ಗಡಿಯಾರ ರಿಪೇರಿಯವನು ಬರುತ್ತಿದ್ದ. ಅವನ ಜೊತೆ ಪಕ್ಕದ ಅಂಗಡಿಯ ದರ್ಜಿ. ಗಡಿಯಾರದವನು ಹಾರಿಸುವವನು, ದರ್ಜಿ ವಿಮಾನ ಹಿಡಿದು ಬಿಡುವವನು. ಗಡಿಯಾರದವನಷ್ಟು ಚೊಕ್ಕ ಕೈಕೆಲಸ ಇದ್ದ ಇನ್ನೊಬ್ಬನನ್ನು ನಾನು ಕಂಡಿಲ್ಲ. ತಿಂಗಳುಗಟ್ಟಲೆ ಕೂತು ಹಗುರ ಮರದ ಪಟ್ಟಿ ಕೊಯ್ದು, ಮರಳು ಕಾಗದದಲ್ಲಿ ಉಜ್ಜಿ, ರೆಕ್ಕೆ ಕಟ್ಟಿ, ಮೇಲೆ ರೇಷ್ಮೆ ಬಟ್ಟೆ ಎಳೆದು ಬಣ್ಣ ಹಚ್ಚುತ್ತಿದ್ದ.

"ವಿಮಾನ ಅವನದು. ಎಂಜಿನ್ ಮಾತ್ರ ಅವನ ಅಣ್ಣನದು. ಅಣ್ಣ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದ. ಹಾರಿಸುವುದನ್ನು ತಮ್ಮನಿಗೆ ಕಲಿಸಿದವನೇ ಅವನು. ಇನ್ನೂ ವಯಸ್ಸಿರುವಾಗಲೇ ತೀರಿಹೋದ. ಉಳಿದದ್ದು ಮುಷ್ಟಿಯೊಳಗೆ ಹಿಡಿಸುವಷ್ಟು ಚಿಕ್ಕ ಆ ಎಂಜಿನ್ ಒಂದೇ. ಸ್ಪಿರಿಟ್ಟಿಗೆ ಹರಳೆಣ್ಣೆ ಬೆರೆಸಿ ಕುಡಿಸಬೇಕು, ಪ್ರೊಪೆಲ್ಲರನ್ನು ಬೆರಳಲ್ಲಿ ತಟ್ಟಿ ಎಬ್ಬಿಸಬೇಕು. ಎದ್ದರೆ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು. ಆ ಸದ್ದು ಕೇಳಿದರೆ ಅಣ್ಣ ಪಕ್ಕದಲ್ಲೇ ನಿಂತ ಹಾಗಾಗುತ್ತದೆ ಎಂದು ಗಡಿಯಾರದವನು ಹೇಳುತ್ತಿದ್ದ. ಭಾನುವಾರ ಸಂಜೆ ಮನೆಗೆ ಹೋದ ಮೇಲೆ ಅಂಗಿಗೆ ಹತ್ತಿದ ಹರಳೆಣ್ಣೆಯ ವಾಸನೆ ಹೋಗಬಾರದೆಂದು ಮರುದಿನವೂ ಅದೇ ಅಂಗಿ ಹಾಕಿಕೊಂಡು ಅಂಗಡಿಗೆ ಬರುತ್ತಿದ್ದನಂತೆ. ಹೆಂಡತಿ ಬೈಯುತ್ತಿದ್ದಳು.

"ಅಷ್ಟು ಪ್ರೀತಿ ಇದ್ದಲ್ಲಿ ಭಯವೂ ಬಂತು. ವಿಮಾನ ಹಾರುವಾಗ ತಂತಿ ಅವನ ಕೈಯನ್ನು ಬಲವಾಗಿ ಜಗ್ಗುತ್ತಿತ್ತು. ಇಳಿಸಿದ ಮೇಲೂ ತೋಳು ನಡುಗುತ್ತಿತ್ತು. ಒಂದು ದಿನ ತಂತಿ ಕಿತ್ತುಹೋದರೆ? ವಿಮಾನ ಎಲ್ಲೋ ಹೋಗಿ ಯಾವುದೋ ಕೆರೆಗೆ ಬಿದ್ದರೆ? ಅಣ್ಣನ ಎಂಜಿನ್ ಮತ್ತೆ ಎಲ್ಲಿಂದ ತರುವುದು? ಅಂಗಡಿಯಲ್ಲಿ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂತಾಗಲೂ ಅವನಿಗೆ ಇದೇ ಯೋಚನೆ.

"ಹಾರಿಸುವವರಲ್ಲಿ ಒಂದು ಪದ್ಧತಿ ಇದೆ. ಪ್ರತಿ ಸಲ ಬಿಡುವ ಮುಂಚೆ ಒಬ್ಬ ವಿಮಾನವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ, ಇನ್ನೊಬ್ಬ ಹಿಡಿಕೆ ಹಿಡಿದು ಮೈಭಾರ ಬಿಟ್ಟು ಎಳೆಯುತ್ತಾನೆ. ಹಾರುವ ವಿಮಾನ ಜಗ್ಗುವುದಕ್ಕಿಂತ ಎಷ್ಟೋ ಹೆಚ್ಚಾಗಿ ಜಗ್ಗಿ ನೋಡುತ್ತಾರೆ. ಕೀಳುವುದಾದರೆ ನೆಲದ ಮೇಲೆಯೇ ಕೀಳಲಿ ಅಂತ. ದರ್ಜಿ ಒಂದು ಸಲವೂ ಇದನ್ನು ತಪ್ಪಿಸಿದವನಲ್ಲ. ತಂತಿ ಒಂದು ಸಲವೂ ಕಿತ್ತಿರಲಿಲ್ಲ. ಆದರೆ ಭಯಪಡುವವನಿಗೆ ಇದನ್ನೆಲ್ಲ ಹೇಳಿ ಏನು ಪ್ರಯೋಜನ?

"ಗಡಿಯಾರದವನು ತನಗೆ ತಿಳಿದ ವಿದ್ಯೆಯಲ್ಲೇ ಉಪಾಯ ಹುಡುಕಿದ. ಗಡಿಯಾರದ ಒಳಗೆ ಒಂದು ಪುಟ್ಟ ಚಕ್ರ ಇರುತ್ತದಲ್ಲ, ಅದು ಯಾವ ಕಡೆಗೂ ವಾಲಬಾರದು. ವಾಲಿದರೆ ಹೊತ್ತು ತಪ್ಪುತ್ತದೆ. ಅವನು ಜೀವಮಾನವೆಲ್ಲ ಅಂಥ ವಾಲುವಿಕೆಯನ್ನು ತೆಗೆದೇ ಹೊಟ್ಟೆ ಹೊರೆದವನು. ವಿಮಾನವನ್ನು ಅಂಗಡಿಯ ಜಂತಿಗೆ ನೂಲಿನಲ್ಲಿ ತೂಗುಬಿಟ್ಟ. ಹೊರ ರೆಕ್ಕೆ ಕೆಳಗೆ ವಾಲಿತು. ಇದೇ ರೋಗ ಅಂದುಕೊಂಡ. ರೆಕ್ಕೆಯ ತುದಿ ಕೊಯ್ದು ಸೀಸ ತೆಗೆದ. ಎಂಜಿನ್ನನ್ನು ನೆಟ್ಟಗೆ ಕೂರಿಸಿದ. ಚುಕ್ಕಾಣಿಯನ್ನು ಬಿಚ್ಚಿ ನೇರ ಮಾಡಿದ. ಸಾಲದು ಅಂತ ಎಂಜಿನ್ನಿಗೆ ಎಣ್ಣೆ ಬಿಡುವ ಸೂಜಿಯನ್ನು ತಿರುಗಿಸಿ ಅದರ ವೇಗವನ್ನೂ ಇಳಿಸಿದ. ವಿಮಾನ ನೂಲಿನಲ್ಲಿ ತಕ್ಕಡಿಯ ಹಾಗೆ ಸಮವಾಗಿ ನಿಂತಿತು. ಅವನಿಗೆ ಎಷ್ಟೋ ದಿನದ ಮೇಲೆ ಸಮಾಧಾನವಾಯಿತು.

"ಭಾನುವಾರ ಮೈದಾನದಲ್ಲಿ ದರ್ಜಿಗೆ ಹೇಳಿದ. ದರ್ಜಿಯ ಮುಖ ಸಪ್ಪಗಾಯಿತು. 'ಅಲ್ಲ ಮಾರಾಯ, ನೂಲು ಬಿಗಿಯಾಗಿದ್ದರೆ ತಾನೆ ಹೊಲಿಗೆ? ಅದು ಅಲ್ಲಿ ಎಳೆದರೆ ಇಲ್ಲಿ ನಿನ್ನ ಕೈ ಅಲ್ಲಾಡಿದ್ದು ಅದಕ್ಕೆ ತಿಳಿಯುತ್ತದೆ' ಎಂದ. ಗಡಿಯಾರದವನು, 'ಎಳೆದದ್ದು ಒಂದು ದಿನ ಕಿತ್ತುಕೊಂಡೇ ಹೋಗುತ್ತದೆ. ನೀನು ಹಿಡಿದು ಬಿಡು ಸಾಕು' ಎಂದ. ದರ್ಜಿ ಎಂದಿನ ಹಾಗೆ ವಿಮಾನ ಹಿಡಿದು ಕೂತ. ಎಳೆದು ನೋಡಿದರು. ತಂತಿ ಗಟ್ಟಿಯಾಗಿತ್ತು. ಎಂಜಿನ್ ಎಬ್ಬಿಸಿದರು. ಬಿಟ್ಟರು.

"ನಾನೂ ಅಲ್ಲೇ ಇದ್ದೆ. ಸುಳ್ಳು ಏಕೆ ಹೇಳಲಿ, ಅಷ್ಟು ಸೊಗಸಾಗಿ ಅದು ಹಿಂದೆಂದೂ ಹಾರಿರಲಿಲ್ಲ. ಭುಜದ ಎತ್ತರದಲ್ಲಿ ಮೆತ್ತಗೆ ಸುತ್ತು ಹಾಕಿತು. ಜಗ್ಗಾಟವಿಲ್ಲ, ತೋಳಿಗೆ ನೋವಿಲ್ಲ. ಗಡಿಯಾರದವನು ಹಿಡಿಕೆಯನ್ನು ಎರಡೇ ಬೆರಳಲ್ಲಿ ಹಿಡಿದು ನಮಗೆಲ್ಲ ತೋರಿಸಿದ. 'ನೋಡಿ, ಈಗ ಎಷ್ಟು ಹೇಳಿದ ಮಾತು ಕೇಳುತ್ತದೆ' ಎಂದು ಕೂಗಿದ. ನಾವು ಚಪ್ಪಾಳೆ ತಟ್ಟಿದೆವು. ನಮಗೇನು ತಿಳಿಯುತ್ತಿತ್ತು? ದರ್ಜಿ ಮಾತ್ರ ಕೈ ಕಟ್ಟಿಕೊಂಡು ನಿಂತಿದ್ದ.

"ಅಣ್ಣ ಕಲಿಸಿದ ಒಂದು ಆಟ ಇತ್ತು. ವಿಮಾನವನ್ನು ಒಂದು ಕಡೆಯಿಂದ ಏರಿಸಿ, ಹಾರಿಸುವವನ ನೆತ್ತಿಯ ಮೇಲೆ ಹಾಯಿಸಿ, ಇನ್ನೊಂದು ಕಡೆ ಇಳಿಸುವುದು. ಗಡಿಯಾರದವನು ಪ್ರತಿ ಭಾನುವಾರ ಅದನ್ನು ಮಾಡಿಯೇ ಆಟ ಮುಗಿಸುತ್ತಿದ್ದ. ಅವತ್ತೂ ಹಿಡಿಕೆ ಬಾಗಿಸಿದ. ವಿಮಾನ ಏರಿತು. ನೆತ್ತಿಯ ಹತ್ತಿರ ಬಂದಿತು. ಅಷ್ಟರಲ್ಲಿ ಒಂದು ಗಾಳಿ ಬೀಸಿತು. ದೊಡ್ಡ ಗಾಳಿಯಲ್ಲ, ಒಣಹಾಕಿದ ಬಟ್ಟೆ ಅಲ್ಲಾಡುವಷ್ಟು. ವಿಮಾನ ಒಂದು ಚೂರು ಅವನ ಕಡೆಗೆ ಬಂತು. ತಂತಿಗಳೆರಡೂ ಸಡಿಲವಾಗಿ ಜೋತುಬಿದ್ದವು.

"ಗಡಿಯಾರದವನು ಹಿಡಿಕೆಯನ್ನು ಹಿಂದಕ್ಕೆ ಬಾಗಿಸಿದ. ವಿಮಾನಕ್ಕೆ ತಿಳಿಯಲಿಲ್ಲ. ಮುಂದಕ್ಕೆ ಬಾಗಿಸಿದ. ತಿಳಿಯಲಿಲ್ಲ. ತಂತಿ ಬಿಗಿಯಾಗಲಿ ಅಂತ ಹಿಂದಕ್ಕೆ ಹಿಂದಕ್ಕೆ ಓಡಿದ. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ರೆಕ್ಕೆ ನೆಟ್ಟಗಿತ್ತು. ಯಾವುದೂ ಕೆಟ್ಟಿರಲಿಲ್ಲ. ಅವನ ಕೈಗೂ ಅದಕ್ಕೂ ಸಂಬಂಧವೇ ಇರಲಿಲ್ಲ, ಅಷ್ಟೆ. ಅದು ಮೂತಿ ಕೆಳಗೆ ಮಾಡಿ ಗಟ್ಟಿ ನೆಲಕ್ಕೆ ಬಿತ್ತು. ಸದ್ದು ನಿಂತಿತು.

"ದರ್ಜಿ ಹೋಗಿ ಚೂರುಗಳನ್ನು ಆಯ್ದ. ಎಂಜಿನ್ನಿನ ಹೊಟ್ಟೆ ಸೀಳಿತ್ತು, ಒಳಗಿನ ದಂಡ ಬಾಗಿತ್ತು. ಅದನ್ನು ಮತ್ತೆ ಯಾರೂ ಎಬ್ಬಿಸಲಿಲ್ಲ. ಗಡಿಯಾರದವನು ಹಿಡಿಕೆ ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತಿದ್ದ. ನೋಡಿ ನಮಗೇ ಸಂಕಟವಾಯಿತು. ದರ್ಜಿ ತಂತಿಯನ್ನು ಸುರುಳಿಗೆ ಸುತ್ತತೊಡಗಿದ. ಸುತ್ತುವಾಗ ಅಭ್ಯಾಸಬಲದಿಂದ ಬೆರಳ ನಡುವೆ ಹಿಡಿದು ಉದ್ದಕ್ಕೂ ಸವರಿ ನೋಡಿದ. ತಂತಿ ಎಲ್ಲೂ ಕಿತ್ತಿರಲಿಲ್ಲ."

ಸ್ವಾಮಿಗಳು ಇಷ್ಟು ಹೇಳಿ ನೀರು ಕುಡಿದರು.

ಮರುಳಸಿದ್ಧಪ್ಪನಿಗೆ ಗಡಿಯಾರದವನ ಮೇಲೆ ಮರುಕ ಹುಟ್ಟಿತ್ತು. "ಪಾಪ, ಕಳೆದುಕೊಳ್ಳಬಾರದು ಅಂತ ತಾನೆ ಬುದ್ಧಿ, ಅವನು ಅಷ್ಟೆಲ್ಲ ಮಾಡಿದ್ದು?"

"ಹೌದು. ಪ್ರೀತಿಯಿಂದಲೇ ಮಾಡಿದ."

"ಆದರೂ ಎಂಥ ಪೆದ್ದ. ಆ ದರ್ಜಿ ಬಿಡಿಸಿ ಹೇಳಿದನಲ್ಲ. ಸೀಸ ತನ್ನ ಪಾಡಿಗೆ ತಾನು ಇರಲಿ ಅಂತ ಬಿಟ್ಟಿದ್ದರೆ ಆಗುತ್ತಿತ್ತು. ತೋಳು ನೋಯುತ್ತಿತ್ತು, ನೋಯಲಿ. ಎಳೆಯುತ್ತಿದ್ದಷ್ಟು ದಿನ ಅದು ಅವನ ಕೈಯಲ್ಲೇ ಇತ್ತಲ್ಲ."

ಸ್ವಾಮಿಗಳು ಅವನು ತಂದ ಚಿಪ್ಪಿನಿಂದ ಒಂದು ಹಣ್ಣು ಮುರಿದು ಅವನ ಕೈಗೇ ಕೊಡಲು ಹೋದರು. ಏನೋ ನೆನಪಾದವರಂತೆ ಕೈ ಹಿಂದಕ್ಕೆ ತೆಗೆದುಕೊಂಡು, ಹಣ್ಣನ್ನು ತಟ್ಟೆಯಲ್ಲೇ ಇಟ್ಟರು. ಆಮೇಲೆ ಮೆಲ್ಲಗೆ ಕೇಳಿದರು.

"ಮರುಳಸಿದ್ಧಪ್ಪ, ಆ ಎರಡನೇ ಹೋಳಿಗೆ ರುಚಿಯಾಗಿತ್ತೇನಪ್ಪ?"